ಗರ್ಭಿಣಿಯ ಅನಾರೋಗ್ಯ ಮತ್ತು ವೇತನದ ಹಕ್ಕು

ಪ್ರಶ್ನೆ: ಗರ್ಭಾವಸ್ಥೆಯಲ್ಲಿ ತೊಡಕುಂಟಾದ ಉದ್ಯೋಗಸ್ಥೆಗೆ ಹೆರಿಗೆ ರಜೆಯಲ್ಲದೆ ಬೇರೆ ವೇತನಸಹಿತ ರಜೆ ದೊರೆಯುವುದೇ?

ಉತ್ತರ: ದೊರೆಯುತ್ತದೆ. ಭಾರತದಲ್ಲಿ 1961ರ ಹೆರಿಗೆ ಸೌಲಭ್ಯ ಕಾಯ್ದೆಯು ರೂಪಿಸಿದ ಮತ್ತು 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಉಳಿಸಿಕೊಂಡಿರುವ ನಿಯಮದಂತೆ, ಗರ್ಭಧಾರಣೆ, ಹೆರಿಗೆ, ಅವಧಿಪೂರ್ವ ಜನನ ಅಥವಾ ಗರ್ಭಪಾತದಿಂದ ಅನಾರೋಗ್ಯ ಉಂಟಾಗಿದೆಯೆಂಬುದಕ್ಕೆ ಪುರಾವೆ ಒದಗಿಸಿದ ಮಹಿಳೆಗೆ ಗರಿಷ್ಠ ಒಂದು ತಿಂಗಳ ಹೆಚ್ಚುವರಿ ವೇತನಸಹಿತ ರಜೆ ಸಲ್ಲುತ್ತದೆ. ಮೊದಲ ಇಬ್ಬರು ಮಕ್ಕಳಿಗೆ ದೊರೆಯುವ 26 ವಾರಗಳ ಹೆರಿಗೆ ರಜೆಯಲ್ಲಿ 8 ವಾರಗಳನ್ನಷ್ಟೇ ಹೆರಿಗೆಗೆ ಮುನ್ನ ಪಡೆಯಬಹುದಾದ್ದರಿಂದ, ತೊಡಕು ಬೇಗನೆ ಕಾಣಿಸಿಕೊಂಡಾಗ ಇದು ಅತ್ಯಗತ್ಯವಾದ ಆಸರೆಯಾಗುತ್ತದೆ. ಹೆರಿಗೆ ಭತ್ಯೆಗೆ, ಅಂದರೆ ರಜಾ ಅವಧಿಗೆ ಸರಾಸರಿ ದಿನವೇತನದ ದರದಲ್ಲಿ ಸಲ್ಲುವ ಹಣಕ್ಕೆ, ನಿರೀಕ್ಷಿತ ಹೆರಿಗೆಯ ಹಿಂದಿನ 12 ತಿಂಗಳಲ್ಲಿ ಕನಿಷ್ಠ 80 ದಿನ ದುಡಿದಿರಬೇಕು. ಈ ರಜೆಯಲ್ಲಿರುವಾಗ ವಜಾ ಮಾಡುವುದು ಕಾನೂನುಬಾಹಿರವಾದ್ದರಿಂದ, ವೈದ್ಯರ ಪ್ರಮಾಣಪತ್ರದೊಂದಿಗೆ ಲಿಖಿತ ಅರ್ಜಿ ಸಲ್ಲಿಸಿ ಅದರ ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಳ್ಳುವುದು ಪ್ರತಿಯೊಬ್ಬ ಉದ್ಯೋಗಸ್ಥೆಗೂ ಹಿತ.