ಜಲ್ಲಿಯಾಗಬೇಕಿದ್ದ ಕಲ್ಲಿನೊಳಗೆ ಕಡುನೀಲಿ ಹರಳು: ಪುಣೆಯ ವಾಘೋಲಿಗೆ ಜಗತ್ತಿನಲ್ಲಿ ಹೆಸರು ತಂದ ‘ಕ್ಯಾವನ್‌ಸೈಟ್’ ಬಗ್ಗೆ ನಿಮಗೆಷ್ಟು ಗೊತ್ತು?

ಪುಣೆ: ಪುಣೆ–ಅಹಿಲ್ಯಾನಗರ (ಹಿಂದಿನ ಅಹಮದ್‌ನಗರ) ರಸ್ತೆಯಲ್ಲಿ ಓಡಾಡುವವರಿಗೆ ವಾಘೋಲಿ ಎಂದರೆ ಟ್ರಾಫಿಕ್, ಹೊಸ ಅಪಾರ್ಟ್‌ಮೆಂಟ್‌ಗಳು ಮತ್ತು ಕಲ್ಲಿನ ಕ್ವಾರಿಗಳ ದೂಳು. ಆದರೆ ಖನಿಜ ಸಂಗ್ರಹಿಸುವ ಹವ್ಯಾಸ ಇರುವ ವಿದೇಶಿಯರ ಮುಂದೆ ಈ ಹೆಸರು ಹೇಳಿದರೆ ಅವರಿಗೆ ನೆನಪಾಗುವುದೇ ಬೇರೆ. ಅದು ಬಿಳಿ ಹರಳುಗಳ ಮೇಲೆ ಕುಳಿತ, ಬಟಾಣಿ ಗಾತ್ರದ ಕಡುನೀಲಿ ಉಂಡೆ. ಅದರ ಹೆಸರು ಕ್ಯಾವನ್‌ಸೈಟ್.

ಏನಿದು ಕ್ಯಾವನ್‌ಸೈಟ್?

ಹೆಸರಿನಲ್ಲೇ ಉತ್ತರವಿದೆ. ಕ್ಯಾಲ್ಸಿಯಂ, ವನೇಡಿಯಂ, ಸಿಲಿಕೇಟ್ ಈ ಮೂರು ಪದಗಳ ಮೊದಲ ಅಕ್ಷರಗಳನ್ನು ಜೋಡಿಸಿ ಇಟ್ಟ ಹೆಸರಿದು. ಇದರ ರಚನೆಯಲ್ಲಿ ನೀರಿನ ಅಣುಗಳೂ ಇವೆ. ಕಣ್ಣು ಸೆಳೆಯುವ ನೀಲಿ ಬಣ್ಣಕ್ಕೆ ಕಾರಣ ವನೇಡಿಯಂ ಎಂಬ ಲೋಹ.

ಈ ಖನಿಜ ಮೊದಲು ಪತ್ತೆಯಾದದ್ದು 1960ರ ದಶಕದಲ್ಲಿ, ಅಮೆರಿಕದ ಒರೆಗಾನ್ ರಾಜ್ಯದ ಒವೈಹೀ ಅಣೆಕಟ್ಟಿನ ಬಳಿ. ಅಲ್ಲಿ ಸಿಕ್ಕಿದ್ದು ಬಹಳ ಸಣ್ಣ ಹರಳುಗಳು. ನಂತರ ವಾಘೋಲಿಯ ಕ್ವಾರಿಗಳಲ್ಲಿ ದೊಡ್ಡ, ಹೊಳೆಯುವ ಉಂಡೆಗಳು ಸಿಗತೊಡಗಿದವು. ಅಲ್ಲಿಂದ ಮುಂದೆ ಕ್ಯಾವನ್‌ಸೈಟ್ ಎಂದರೆ ಪುಣೆ ಎನ್ನುವಂತಾಯಿತು.

‘ದೊಡ್ಡ’ ಎಂದರೂ ಒಂದು ಉಂಡೆ ಸಾಮಾನ್ಯವಾಗಿ ಒಂದು ಸೆಂಟಿಮೀಟರ್‌ನ ಆಸುಪಾಸಿನಲ್ಲಿರುತ್ತದೆ. ಭೂತಗನ್ನಡಿ ಹಿಡಿದು ನೋಡಿದರೆ ಅದು ಒಂದೇ ಹರಳಲ್ಲ, ನಡುವಿನಿಂದ ಎಲ್ಲ ದಿಕ್ಕಿಗೂ ಚಾಚಿಕೊಂಡ ನೂರಾರು ಪುಟ್ಟ ಹರಳುಗಳ ಗೊಂಚಲು ಎಂಬುದು ಗೊತ್ತಾಗುತ್ತದೆ.

ಹುಟ್ಟಿದ್ದು ಹೇಗೆ?

ಸುಮಾರು 6.6 ಕೋಟಿ ವರ್ಷಗಳ ಹಿಂದೆ ಇಲ್ಲಿ ಪದರ ಪದರವಾಗಿ ಲಾವಾ ಹರಿಯಿತು. ಅದು ತಣ್ಣಗಾಗಿ ಆದದ್ದೇ ಬಸಾಲ್ಟ್ ಎಂಬ ಕಪ್ಪು ಕಲ್ಲು. ಸುಮಾರು 5 ಲಕ್ಷ ಚದರ ಕಿಲೋಮೀಟರ್‌ಗೆ ಹರಡಿರುವ ಈ ‘ಡೆಕ್ಕನ್ ಟ್ರ್ಯಾಪ್’ ಮಹಾರಾಷ್ಟ್ರಕ್ಕಷ್ಟೇ ಸೀಮಿತವಲ್ಲ. ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಭಾಗದ ಎರೆಮಣ್ಣು ಬಹುಪಾಲು ಇದೇ ಕಲ್ಲು ಸವೆದು ಆದದ್ದು.

ಲಾವಾ ಗಟ್ಟಿಯಾಗುವಾಗ ಅದರೊಳಗಿನ ಅನಿಲ ಗುಳ್ಳೆಗಳು ಹಾಗೇ ಉಳಿದು ಪೊಳ್ಳು ಜಾಗಗಳಾದವು. ಆಮೇಲೆ ಬಿರುಕುಗಳಲ್ಲಿ ಹರಿದ ಬಿಸಿನೀರು ಕಲ್ಲಿನ ಅಂಶಗಳನ್ನು ಕರಗಿಸಿ ತಂದು ಆ ಪೊಳ್ಳುಗಳಲ್ಲಿ ಬಿಟ್ಟಿತು. ಹೀಗೆ ಸ್ಟಿಲ್‌ಬೈಟ್, ಹ್ಯೂಲಾಂಡೈಟ್‌ನಂಥ ಬಿಳಿ ಹರಳುಗಳು ಬೆಳೆದವು. ಅಂಥ ಕಡೆ ನೀರಿನಲ್ಲಿ ವನೇಡಿಯಂ ಕೂಡ ಸೇರಿದ್ದಾಗ ಕ್ಯಾವನ್‌ಸೈಟ್ ಮೂಡಿತು. ಬಸಾಲ್ಟ್‌ನಲ್ಲಿ ವನೇಡಿಯಂ ಇರುವುದೇ ಅತ್ಯಲ್ಪ. ಎಲ್ಲವೂ ಒಂದೇ ಕಡೆ ಕೂಡಿಬರುವುದು ಅಪರೂಪ, ಹಾಗಾಗಿ ಖನಿಜವೂ ಅಪರೂಪ.

ಇದಕ್ಕೊಬ್ಬ ‘ಅವಳಿ’ಯೂ ಇದ್ದಾನೆ!

ಇದೇ ವಾಘೋಲಿಯಲ್ಲಿ ಪೆಂಟಾಗೊನೈಟ್ ಎಂಬ ಇನ್ನೊಂದು ನೀಲಿ ಖನಿಜ ಸಿಗುತ್ತದೆ. ಎರಡರ ರಾಸಾಯನಿಕ ಸೂತ್ರ ಒಂದೇ, ಒಳಗಿನ ಜೋಡಣೆ ಮಾತ್ರ ಬೇರೆ. ಕ್ಯಾವನ್‌ಸೈಟ್ ಉಂಡೆಯಾಗಿ ಬೆಳೆದರೆ ಪೆಂಟಾಗೊನೈಟ್ ಉದ್ದನೆಯ ಕಡ್ಡಿಗಳಂತೆ ಬೆಳೆಯುತ್ತದೆ. ಇದರ ಹರಳುಗಳು ಐದೈದಾಗಿ ಕೂಡಿಕೊಂಡು ನಕ್ಷತ್ರದ ಆಕಾರ ತಳೆಯುವುದರಿಂದ ಈ ಹೆಸರು. ಇದು ಕ್ಯಾವನ್‌ಸೈಟ್‌ಗಿಂತಲೂ ಅಪರೂಪ.

ಉಂಗುರಕ್ಕೆ ಏಕೆ ಬಳಸುವುದಿಲ್ಲ?

ಕಲ್ಲುಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ವಜ್ರಕ್ಕೆ 10, ಕ್ಯಾವನ್‌ಸೈಟ್‌ಗೆ 3ರಿಂದ 4. ಸ್ವಲ್ಪ ಉಜ್ಜಿದರೂ ಗೀರು ಬೀಳುತ್ತದೆ, ಬಿದ್ದರೆ ಪುಡಿಯಾಗುತ್ತದೆ. ಹಾಗಾಗಿ ಇದು ಆಭರಣದ ಕಲ್ಲಲ್ಲ, ಇದ್ದ ಹಾಗೇ ಇಟ್ಟು ನೋಡಬೇಕಾದ ವಸ್ತು. ಬರಿಗಣ್ಣಿಗೆ ಚುಕ್ಕೆಯಂತೆ ಕಾಣುವ ಹರಳುಗಳನ್ನೂ ಪುಟ್ಟ ಡಬ್ಬಿಯಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿ ಖುಷಿಪಡುವ ಸಂಗ್ರಹಕಾರರಿದ್ದಾರೆ. ಇಂಥ ಮಾದರಿಗಳನ್ನು ‘ಮೈಕ್ರೋಮೌಂಟ್’ ಎನ್ನುತ್ತಾರೆ.

ಖರೀದಿಸುವ ಮುನ್ನ ಗಮನಿಸಿ

* ಅಂಟು ಇದೆಯೇ ನೋಡಿ: ಕಲ್ಲು ಒಡೆಯುವಾಗ ಕಳಚಿಬಿದ್ದ ನೀಲಿ ಉಂಡೆಗಳನ್ನು ಬಿಳಿ ಹರಳಿನ ಮೇಲೆ ಅಂಟಿಸಿ ಮಾರುವುದುಂಟು. ಉಂಡೆಯ ಬುಡವನ್ನು 10 ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ಪರೀಕ್ಷಿಸಿ. ಕೆಲವು ಬಗೆಯ ಅಂಟು ನೇರಳಾತೀತ ಟಾರ್ಚ್ ಬೆಳಕಿಗೆ ಹೊಳೆಯುತ್ತದೆ.
* ಬಣ್ಣ ಹಚ್ಚಿದ್ದಲ್ಲ ತಾನೇ?: ಹತ್ತಿಯಂತೆ ಕಾಣುವ ಬಿಳಿ ಒಕೆನೈಟ್‌ಗೆ ನೀಲಿ, ಗುಲಾಬಿ ಬಣ್ಣ ಹಾಕಿ ಮಾರುತ್ತಾರೆ. ಅದು ಬೇರೆಯೇ ಖನಿಜ.
* ಚೀಟಿ ಕೇಳಿ: ಎಲ್ಲಿ ಸಿಕ್ಕಿತು ಎಂಬ ವಿವರ ಬರೆದಿಟ್ಟುಕೊಳ್ಳಿ. ಊರಿನ ಹೆಸರಿಲ್ಲದ ಮಾದರಿ ನೋಡಲು ಚೆಂದವಿದ್ದರೂ ಅಧ್ಯಯನಕ್ಕೆ ಹೆಚ್ಚು ಉಪಯೋಗವಿಲ್ಲ.
* ಆಸಿಡ್, ಬಿಸಿ ಬೇಡ: ದೂಳನ್ನು ಗಾಳಿ ಊದಿ ತೆಗೆದರೆ ಸಾಕು.

ಉಳಿಸುವವರು ಯಾರು?

ಕ್ವಾರಿ ನಡೆಯುವುದು ಹರಳಿಗಾಗಿ ಅಲ್ಲ, ಜಲ್ಲಿಗಾಗಿ. ಬಂಡೆ ಸಿಡಿದು ಕ್ರಷರ್‌ಗೆ ಹೋಗುವ ನಡುವಿನ ಸ್ವಲ್ಪ ಹೊತ್ತಿನಲ್ಲಿ ನೀಲಿ ಚುಕ್ಕೆಯನ್ನು ಗುರುತಿಸಿ ಪಕ್ಕಕ್ಕಿಟ್ಟರೆ ಮಾತ್ರ ಹರಳು ಉಳಿಯುತ್ತದೆ. ಯಾರ ಕಣ್ಣಿಗೂ ಬೀಳದಿದ್ದರೆ ಅದು ಯಾವುದೋ ರಸ್ತೆಯ ಅಡಿಯಲ್ಲೋ ಕಟ್ಟಡದ ಕಾಂಕ್ರೀಟ್‌ನಲ್ಲೋ ಸೇರಿಹೋಗುತ್ತದೆ. ವಿದೇಶದ ಗಾಜಿನ ಕಪಾಟುಗಳಲ್ಲಿರುವ ವಾಘೋಲಿಯ ಮಾದರಿಗಳ ಹಿಂದೆ ಮೊದಲು ದುಡಿದದ್ದು ಇಲ್ಲಿನ ಕಲ್ಲು ಕೆಲಸಗಾರರ ಕಣ್ಣು. ಚೀಟಿಯಲ್ಲಿ ಊರಿನ ಹೆಸರಿರುತ್ತದೆ, ಅವರದ್ದಿರುವುದಿಲ್ಲ.

2021ರಲ್ಲಿ ವಾಘೋಲಿ ಪುಣೆ ಮಹಾನಗರ ಪಾಲಿಕೆಗೆ ಸೇರಿತು. ನಗರ ಬೆಳೆದಂತೆ ಜನವಸತಿಯ ನಡುವೆ ಸ್ಫೋಟ ನಡೆಸುವುದು ಕಷ್ಟ. ಅಲ್ಲಿನ ನಿವಾಸಿಗಳ ಆರೋಗ್ಯದ ದೃಷ್ಟಿಯಿಂದ ಅದು ಸರಿಯೂ ಅಲ್ಲ. ಆದರೆ ಕ್ವಾರಿ ನಿಂತರೆ ಹೊಸ ಹರಳು ಹೊರಬರುವುದೂ ನಿಲ್ಲುತ್ತದೆ. ಹಾಗಾಗಿ ಈಗಾಗಲೇ ಸಿಕ್ಕಿರುವ ಮಾದರಿಗಳನ್ನು ಸರಿಯಾದ ವಿವರದೊಂದಿಗೆ ಕಾಪಾಡುವುದು ಮುಖ್ಯ.

ನೋಡಬೇಕೆಂದರೆ ಕ್ವಾರಿಗೆ ಇಳಿಯಬೇಡಿ, ಅದು ಅಪಾಯಕಾರಿ. ನಾಸಿಕ್ ಬಳಿಯ ಸಿನ್ನರ್‌ನಲ್ಲಿರುವ ಗಾರ್ಗೋಟಿ ಖನಿಜ ವಸ್ತುಸಂಗ್ರಹಾಲಯದಲ್ಲಿ ಡೆಕ್ಕನ್ ಟ್ರ್ಯಾಪ್‌ನ ಹರಳುಗಳ ದೊಡ್ಡ ಸಂಗ್ರಹವೇ ಇದೆ. ಮುಂಬೈ, ಪುಣೆ ಕನ್ನಡಿಗರು ಶಿರಡಿಗೆ ಹೋಗುವಾಗ ಮಕ್ಕಳನ್ನು ಕರೆದುಕೊಂಡು ಒಮ್ಮೆ ಅಲ್ಲಿಗೂ ಹೋಗಿಬರಬಹುದು.