ಕಣ್ತಪ್ಪಿದ ಖನಿಜಗಳು

ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ಸೀಮೆಯ ಕಾಡುನೆಲದಲ್ಲಿ ಕಬ್ಬಿಣದ ಅದಿರೂ ಮ್ಯಾಂಗನೀಸ್ ಅದಿರೂ ಉಂಟು. ಕಪ್ಪಾಗಿ, ಭಾರವಾಗಿ ಇವು ಒಂದನ್ನೊಂದು ಹೋಲುವುದೂ ಉಂಟು. ಆಗ ಅನ್ವೇಷಕನು ಕಲ್ಲನ್ನು ಮೆರುಗಿಲ್ಲದ ಪಿಂಗಾಣಿ ಬಿಲ್ಲೆಯ ಮೇಲೆ ಉಜ್ಜಿ ನೋಡುತ್ತಾನೆ. ಹೆಮಟೈಟ್ ಎಂಬ ಕಬ್ಬಿಣದ ಅದಿರು ಕೆಮ್ಮಣ್ಣಿನ ಬಣ್ಣದ ಗೆರೆ ಎಳೆದರೆ, ಪೈರೊಲುಸೈಟ್ ಎಂಬ ಮ್ಯಾಂಗನೀಸ್ ಅದಿರು ಕಾಡಿಗೆಯಂಥ ಗೆರೆ ಎಳೆದು ಬೆರಳಿಗೂ ಮಸಿ ಹತ್ತಿಸುತ್ತದೆ. ಕಲ್ಲಿನ ಮೈಬಣ್ಣಕ್ಕಿಂತ ಅದರ ಪುಡಿಯ ಬಣ್ಣವೇ ಹೆಚ್ಚು ನಂಬಲರ್ಹವಾದುದು.

ಕಪ್ಪು ಕಲ್ಲುಗಳ ಗೊಂದಲ ಹೀಗೆ ಬಗೆಹರಿಯಬಹುದು. ಬಿಳಿಯ ಕಲ್ಲಿನಲ್ಲಿ ಅಡಗಿದ ಬಿಳಿಯ ಖನಿಜವನ್ನು ಗುರುತಿಸುವುದು ಇದಕ್ಕಿಂತ ಕಠಿಣ. ಕೋಲಾರದ ಚಿನ್ನದ ಗಣಿಗಳೇ ಇದಕ್ಕೆ ನಿದರ್ಶನ. 2001ರಲ್ಲಿ ಮುಚ್ಚಿಹೋದ ಈ ಗಣಿಗಳಲ್ಲಿ ಚಿನ್ನವು ಬೆಣಚುಕಲ್ಲಿನ ಪಟ್ಟೆಗಳಲ್ಲಿ ಸೇರಿಕೊಂಡಿತ್ತು. ಅದೇ ಪಟ್ಟೆಗಳಲ್ಲಿ ಅಲ್ಲಲ್ಲಿ ಷೀಲೈಟ್ ಎಂಬ ಖನಿಜವೂ ಇತ್ತು. ಅದು ಟಂಗ್‌ಸ್ಟನ್ ಲೋಹದ ಅದಿರು. ವಿದ್ಯುದ್ದೀಪದ ತಂತಿಗೆ ಒದಗಿದ ಲೋಹವಿದು. ಬಂಡೆ ಕೊರೆಯುವ ಉಳಿಗಳ ತುದಿಗೂ ಇದರ ಸಂಯುಕ್ತವೇ ಬೇಕು. ಆದರೆ ಚಿನ್ನವನ್ನೇ ಅರಸುವ ಕಣ್ಣಿಗೆ ಷೀಲೈಟ್ ಬೆಣಚುಕಲ್ಲಿನ ಮತ್ತೊಂದು ಚೂರಿನಂತೆಯೇ ಕಾಣುತ್ತದೆ.

ಕೈಗೆತ್ತಿಕೊಂಡರೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ. ಸಮಗಾತ್ರದ ಬೆಣಚುಕಲ್ಲಿಗಿಂತ ಷೀಲೈಟಿನ ತೂಕ ಇಮ್ಮಡಿಗೂ ಹೆಚ್ಚು. ಸ್ವೀಡಿಷ್ ಭಾಷೆಯಲ್ಲಿ ‘ಟಂಗ್‌ಸ್ಟನ್’ ಎಂದರೆ ಭಾರವಾದ ಕಲ್ಲು ಎಂದೇ ಅರ್ಥ. 1781ರಲ್ಲಿ ಇದನ್ನು ಪರಿಶೋಧಿಸಿದ ರಸಾಯನವಿಜ್ಞಾನಿ ಷೀಲೆಯ ಹೆಸರು ಈ ಖನಿಜಕ್ಕೆ ಬಂದಿದೆ. ಉಕ್ಕಿನ ಚೂರಿಯ ಮೊನೆಗೆ ಬೆಣಚುಕಲ್ಲು ಜಗ್ಗದು, ಷೀಲೈಟ್ ಗೀರುಬೀಳುತ್ತದೆ. ಎಲ್ಲಕ್ಕಿಂತ ಬೆರಗಿನದು ದೀಪದ ಪರೀಕ್ಷೆ. ಕತ್ತಲೆಯಲ್ಲಿ ಕಿರುತರಂಗದ ಅತಿನೇರಳೆ ಕಿರಣವನ್ನು ಬೀರಿದೊಡನೆ, ಅದುವರೆಗೆ ಪೆಚ್ಚಾಗಿದ್ದ ಕಲ್ಲಿನಲ್ಲಿ ಷೀಲೈಟಿನ ಕಣಗಳು ನೀಲಿಬಿಳುಪಾಗಿ ಬೆಳಗುತ್ತವೆ. ಕೆಲವು ಕ್ಯಾಲ್ಸೈಟ್ ಕಲ್ಲುಗಳೂ ಹೊಳೆದು ಮೋಸಗೊಳಿಸುವುದುಂಟು. ಅವುಗಳ ಮೇಲೆ ಆಮ್ಲದ ಹನಿ ಬಿದ್ದರೆ ನೊರೆಯೇಳುತ್ತದೆ, ಗುಟ್ಟು ಬಯಲಾಗುತ್ತದೆ.

ಇಷ್ಟು ಸುಲಭವಾದ ಪರೀಕ್ಷೆಗಳಿದ್ದೂ ಖನಿಜಗಳು ಕಣ್ತಪ್ಪುವುದೇಕೆ? ಮಾದರಿಯಲ್ಲಿ ಚಿನ್ನವೆಷ್ಟು ಎಂದು ಕೇಳಿದರೆ ಪ್ರಯೋಗಶಾಲೆಯು ಚಿನ್ನವೆಷ್ಟೆಂದಷ್ಟೇ ಉತ್ತರಿಸುತ್ತದೆ. ಕೇಳದ ಪ್ರಶ್ನೆಗೆ ಉತ್ತರ ಬಾರದು. ಕೋಲಾರದಲ್ಲಿ ಚಿನ್ನ ತೆಗೆದುಳಿದ ಹುಡಿ ಗುಡ್ಡಗಳಾಗಿ ಬೆಳೆಯಿತು. ಗಾಳಿ ಬೀಸಿದಾಗ ಊರಿಗೆಲ್ಲ ಧೂಳೆರಚಿತು. ಆ ಹುಡಿಯಲ್ಲಿ ಟಂಗ್‌ಸ್ಟನ್ ಇರುವುದು ಪರೀಕ್ಷೆಗಳಿಂದ ತಿಳಿದುಬಂದಿದೆ. ಆದರೆ ಬಂಡೆಯಲ್ಲಿ ಕಣಕಣವಾಗಿ ಕಾಣುತ್ತಿದ್ದುದು ಈಗ ಹಿಟ್ಟಿನೊಳಗಿನ ಹಿಟ್ಟಾಗಿದೆ. ಬೇರ್ಪಡಿಸುವ ವೆಚ್ಚವೂ ಶ್ರಮವೂ ಹೆಚ್ಚು. 2024ರಲ್ಲಿ ರಾಜ್ಯ ಸರ್ಕಾರವು ಇಂಥ 13 ಗುಡ್ಡಗಳ ಮರುಗಣಿಗಾರಿಕೆಗೆ ಒಪ್ಪಿಗೆಯಿತ್ತಿತು. ಅವುಗಳಲ್ಲಿರುವ ಹುಡಿ ಸುಮಾರು 3.3 ಕೋಟಿ ಟನ್.

ದೀಪವನ್ನೂ ಉಪಕರಣವನ್ನೂ ನಂಬಿ ಕುಳಿತರೆ ಸಾಲದೆಂಬುದಕ್ಕೆ ಮಂಡ್ಯ ಜಿಲ್ಲೆಯ ಮಾರ್ಲಗಲ್ಲ ನಿದರ್ಶನ. ಅಲ್ಲಿಯ ಪೆಗ್ಮಟೈಟ್ ಶಿಲೆಯಲ್ಲಿ ಲಿಥಿಯಂ ಇದೆ; ಮಾರ್ಲಗಲ್ಲ–ಅಲ್ಲಾಪಟ್ಟಣ ಪ್ರದೇಶದಲ್ಲಿ ಅದರ ಅಂದಾಜು ನಿಕ್ಷೇಪ 1,600 ಟನ್ನೆಂದು 2021ರಲ್ಲಿ ಪ್ರಕಟವಾಯಿತು. ಇಂಥ ಶಿಲೆಗಳಲ್ಲಿ ಲಿಥಿಯಂ ಹೊಂದಿರುವ ಸ್ಪಾಡ್ಯುಮೀನ್ ಖನಿಜವು ಫೆಲ್ಡ್‌ಸ್ಪಾರನ್ನು ಹೋಲುವ ಮಾಸಲು ಬಣ್ಣದ ಕಲ್ಲು. ಕೈಯಲ್ಲಿ ಹಿಡಿಯುವ ಕ್ಷ-ಕಿರಣದ ಉಪಕರಣವು ಅತಿ ಹಗುರವಾದ ಲಿಥಿಯಂ ಧಾತುವನ್ನು ಗುರುತಿಸಲಾರದು. ಅಲ್ಲಿ ಮತ್ತೆ ತೂಕ ನೋಡುವ ಅಂಗೈ, ಸೀಳಿನ ಅಂದವನ್ನು ಗಮನಿಸುವ ಭೂತಗನ್ನಡಿ, ಕಡೆಗೆ ರಾಸಾಯನಿಕ ವಿಶ್ಲೇಷಣೆ ಇವುಗಳೇ ಬೇಕು. ಆದುದರಿಂದಲೇ ನೆಲ ಕೊರೆದು ತೆಗೆದ ಶಿಲಾದಂಡಗಳನ್ನು ಪರೀಕ್ಷೆಯ ಬಳಿಕ ಎಸೆಯುವುದಿಲ್ಲ. ಆಳವನ್ನು ಬರೆದ ಪೆಟ್ಟಿಗೆಗಳಲ್ಲಿ ಸಾಲಾಗಿ ಜೋಡಿಸಿ, ಇನ್ನೊಂದು ಪ್ರಶ್ನೆ ಹಿಡಿದು ಬರುವವರಿಗಾಗಿ ಕಾದಿರಿಸುತ್ತಾರೆ.