ಕರಗುವ ಹಿಮ, ಅಂಟದ ಹನಿ

ನೀರನ್ನೇ ಶರೀರವಾಗಿ ಉಳ್ಳ ಏಕೇಂದ್ರಿಯ ಜೀವಿಗಳನ್ನು ಜೈನಧರ್ಮ ಅಪ್ಕಾಯಿಕವೆಂದು ಗುರುತಿಸುತ್ತದೆ. ನೀರನ್ನು ಸೋಸಿ, ಮಿತವಾಗಿ ಬಳಸಬೇಕೆಂದು ವಿಧಿಸುತ್ತದೆ. ಇಷ್ಟು ಎಚ್ಚರದಿಂದ ನೀರನ್ನು ಕಂಡ ಪರಂಪರೆಗೆ ಅದರ ನಡೆಯಲ್ಲಿ ತತ್ತ್ವವೂ ಕಂಡುದು ಸಹಜವೇ.

ಪ್ರತಿಯೊಂದು ದ್ರವ್ಯವೂ ಉತ್ಪಾದ, ವ್ಯಯ, ಧ್ರೌವ್ಯಗಳಿಂದ ಕೂಡಿದೆ ಎಂಬುದು ಜೈನ ದರ್ಶನದ ಮೂಲ ನಿಲುವು. ಮಂಜುಗಡ್ಡೆಯ ಪರ್ಯಾಯ ಅಳಿದಾಗ ನೀರಿನ ಪರ್ಯಾಯ ಹುಟ್ಟುತ್ತದೆ. ಅದೂ ಅಳಿದಾಗ ಆವಿ ಹುಟ್ಟುತ್ತದೆ. ಆಧಾರವಾದ ಪುದ್ಗಲ ದ್ರವ್ಯ ಮಾತ್ರ ಉಳಿಯುತ್ತದೆ. ಆಚಾರ್ಯ ಸಮಂತಭದ್ರರು ‘ಆಪ್ತಮೀಮಾಂಸೆ’ಯಲ್ಲಿ ಚಿನ್ನದ ಕಲಶವು ಕಿರೀಟವಾಗುವ ದೃಷ್ಟಾಂತದಿಂದ ಇದನ್ನೇ ತಿಳಿಸಿದ್ದಾರೆ. ಕಲಶವನ್ನು ಬಯಸಿದವನಿಗೆ ಶೋಕ, ಕಿರೀಟವನ್ನು ಬಯಸಿದವನಿಗೆ ಹರ್ಷ, ಚಿನ್ನವನ್ನಷ್ಟೇ ಕಂಡವನಿಗೆ ಸಮಭಾವ.

ಕರಗುವ ಕ್ರಿಯೆಯಲ್ಲಿ ಸಾಧಕನಿಗೆ ಇನ್ನೊಂದು ಪಾಠವೂ ಇದೆ. 0 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಮಂಜುಗಡ್ಡೆಗೆ ಎಷ್ಟು ಶಾಖ ಕೊಟ್ಟರೂ ಅದು ಪೂರ್ತಿ ಕರಗುವ ತನಕ ಉಷ್ಣತೆ ಏರುವುದಿಲ್ಲ. 1 ಗ್ರಾಂ ಮಂಜುಗಡ್ಡೆ ಕರಗಲು ಸುಮಾರು 80 ಕ್ಯಾಲೊರಿ ಶಾಖ ಬೇಕು. ಅಷ್ಟೇ ಶಾಖ 1 ಗ್ರಾಂ ನೀರನ್ನು 0ಯಿಂದ 80 ಡಿಗ್ರಿಯವರೆಗೆ ಕಾಯಿಸಬಲ್ಲದು. ಉಷ್ಣಮಾಪಕ ತೋರಿಸದ ಈ ಶಾಖ ವ್ಯರ್ಥವಾಗಿಲ್ಲ; ಗಡ್ಡೆಯ ಒಳಗಿನ ಬಂಧಗಳನ್ನು ಸಡಿಲಿಸುತ್ತಿದೆ.

ವರ್ಷಗಟ್ಟಲೆ ವ್ರತ, ಉಪವಾಸ, ಸ್ವಾಧ್ಯಾಯಗಳನ್ನು ನಡೆಸಿದ ಶ್ರಾವಕನನ್ನೂ ಒಮ್ಮೊಮ್ಮೆ ನಿರಾಶೆ ಆವರಿಸುತ್ತದೆ. ಕೋಪ ಇನ್ನೂ ಹೋಗಿಲ್ಲ, ಲೋಭ ಇನ್ನೂ ಕುಗ್ಗಿಲ್ಲ. ಇಷ್ಟೆಲ್ಲ ಮಾಡಿದ್ದು ಯಾತಕ್ಕೆ ಎಂಬ ಸಂಶಯ ಮೂಡುತ್ತದೆ. ಅನೇಕರು ವ್ರತವನ್ನು ಕೈಬಿಡುವುದು ಈ ಘಟ್ಟದಲ್ಲಿಯೇ. ಆದರೆ ಸಮ್ಯಗ್ದರ್ಶನದೊಡನೆ ಕೂಡಿದ ತಪಸ್ಸಿನ ಕಾವು ಹೊರಗೆ ಕಾಣದಿದ್ದರೂ ಒಳಗಿನ ಕರ್ಮಬಂಧವನ್ನು ಸಡಿಲಿಸುತ್ತಲೇ ಇರುತ್ತದೆ.

ಆವಿಯಾಗುವುದಕ್ಕೂ ಕುದಿಯಲೇಬೇಕೆಂದಿಲ್ಲ. ನೆರಳಿನಲ್ಲಿ ಹರವಿದ ಒದ್ದೆ ಬಟ್ಟೆಯೂ ಸದ್ದಿಲ್ಲದೆ ಒಣಗುತ್ತದೆ. ಅದರ ಮೇಲೆ ಮತ್ತೆ ಮತ್ತೆ ನೀರು ಬೀಳಬಾರದು, ಅಷ್ಟೆ. ಹೊಸ ಕರ್ಮದ ಆಸ್ರವವನ್ನು ತಡೆಯುವ ಸಂವರ, ಹಳೆಯ ಕರ್ಮವನ್ನು ಕಳೆಯುವ ನಿರ್ಜರೆ, ಇವೆರಡೂ ಜೊತೆಯಾಗಿ ಸಾಗಬೇಕೆಂಬುದರ ಅರ್ಥ ಇದೇ.

ಇನ್ನು ಸ್ಪರ್ಶದ ವಿಚಾರ. ಶುಭ್ರವಾದ ಗಾಜಿನ ಮೇಲೆ ಬಿದ್ದ ಹನಿ ಹರಡಿಕೊಂಡು ಅಂಟಿಕೊಳ್ಳುತ್ತದೆ. ತಾವರೆ ಎಲೆಯ ಮೇಲೆ ಅದೇ ಹನಿ ಮುತ್ತಿನಂತೆ ದುಂಡಾಗಿ ಉರುಳುತ್ತದೆ. ಆ ಎಲೆಯ ಮೈಮೇಲೆ ಮೇಣದ ಲೇಪವುಳ್ಳ ಅತಿಸೂಕ್ಷ್ಮ ಉಬ್ಬುಗಳಿವೆ. ನಡುವೆ ಗಾಳಿ ನಿಲ್ಲುವುದರಿಂದ ಹನಿಗೆ ಅವುಗಳ ತುದಿಯಷ್ಟೇ ತಾಗುತ್ತದೆ. ನೀರು ಒಂದೇ, ಭೇದವಿರುವುದು ಅದನ್ನು ಎದುರುಗೊಳ್ಳುವ ಮೈಯಲ್ಲಿ. ಕುಂದಕುಂದಾಚಾರ್ಯರ ‘ಸಮಯಸಾರ’ಕ್ಕೆ ವ್ಯಾಖ್ಯಾನ ಬರೆದ ಅಮೃತಚಂದ್ರಾಚಾರ್ಯರು ನೀರಿನಲ್ಲಿ ಮುಳುಗಿದ ತಾವರೆ ಎಲೆಯನ್ನೇ ಉದಾಹರಿಸುತ್ತಾರೆ: ಪರ್ಯಾಯದೃಷ್ಟಿಯಿಂದ ನೀರು ಎಲೆಯನ್ನು ಮುಟ್ಟಿದೆ, ಎಲೆಯ ಸ್ವಭಾವವನ್ನು ನೋಡಿದರೆ ಮುಟ್ಟಿಲ್ಲ.

ಸಂಸಾರದಲ್ಲಿರುವ ಗೃಹಸ್ಥನಿಗೆ ಲಾಭನಷ್ಟ, ಮಾನಾಪಮಾನಗಳ ಹನಿ ಬೀಳದೆ ಇರದು. ಅವುಗಳನ್ನು ಆತ್ಮಕ್ಕೆ ಅಂಟಿಸುವುದು ಕ್ರೋಧ, ಮಾನ, ಮಾಯೆ, ಲೋಭಗಳೆಂಬ ಕಷಾಯ. ಆದುದರಿಂದ ಸಾಧನೆಯ ಫಲವನ್ನು ಅಳೆಯಬೇಕಾದವನು ತನ್ನ ಮೇಲೆ ಎಷ್ಟು ಹನಿ ಬಿತ್ತೆಂದು ಎಣಿಸಬೇಕಿಲ್ಲ. ನಿನ್ನೆ ಕೇಳಿದ ಕಟುನುಡಿ ಇಂದು ಬೆಳಗಿನ ಸಾಮಾಯಿಕದ ವೇಳೆಗೆ ಎಷ್ಟು ಉಳಿದಿದೆ ಎಂಬುದನ್ನು ನೋಡಿಕೊಂಡರೆ ಸಾಕು.